ಹಳದಿಗೆ ಬಿಟ್ಟ ಅಂಚು

ಆಲೂಗಡ್ಡೆ ಸುಲಿಯುವುದಕ್ಕೆಂದು ಕೆಲಸದ ಹೊತ್ತಿನಲ್ಲಿ ಸಣ್ಣತ್ತೆಯನ್ನು ಅಡುಗೆಮನೆಗೆ ಕರೆದದ್ದು ಆ ಮನೆಯಲ್ಲಿ ಅದೇ ಮೊದಲು.

ಮೂವತ್ತು ವರ್ಷದಲ್ಲಿ, ಬೆಳಿಗ್ಗೆ ಒಂಬತ್ತು ಹೊಡೆದ ಮೇಲೆ ಅವಳನ್ನು ಯಾರೂ ಮನೆಗೆಲಸಕ್ಕೆ ಕೂಗಿದವರಲ್ಲ. ಮೇಲೆ ಮನೆ, ಕೆಳಗೆ ಅವಳ ಅಣ್ಣನ ಅಚ್ಚಿನ ಅಂಗಡಿ. ಅಂಗಡಿಗಳವರು ಗಿರಾಕಿಗಳಿಗೆ ಕೊಡುವ ಬಟ್ಟೆಯ ಚೀಲಗಳ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕುವುದು ಅವರ ಕಸುಬು. ಚಿತ್ರದಲ್ಲಿ ನಾಲ್ಕು ಬಣ್ಣವಿದ್ದರೆ, ಬಣ್ಣವನ್ನು ಬಟ್ಟೆಗೆ ಇಳಿಸುವ ಜಾಲರಿ ಚೌಕಟ್ಟೂ ನಾಲ್ಕು ಬೇಕು. ಒಂದೊಂದು ಬಣ್ಣಕ್ಕೂ ಒಂದೊಂದು. ಹಾಗೆ ಚಿತ್ರವನ್ನು ಬಣ್ಣಬಣ್ಣವಾಗಿ ಬಿಡಿಸಿಕೊಡುವುದು ಸಣ್ಣತ್ತೆಯ ಕೆಲಸ. ಕಿಟಕಿಯ ಪಕ್ಕದಲ್ಲಿ ಅಡಿಯಲ್ಲಿ ದೀಪವಿದ್ದ ಗಾಜಿನ ಮೇಜು. ಅದರ ಮೇಲೆ ಚಿತ್ರ, ಚಿತ್ರದ ಮೇಲೆ ಪಾರದರ್ಶಕ ಹಾಳೆ. ಹಳದಿ ಇರುವಲ್ಲೆಲ್ಲ ಒಂದು ಹಾಳೆಯ ಮೇಲೆ ಕಪ್ಪು ತುಂಬಬೇಕು, ಹಸಿರು ಇರುವಲ್ಲೆಲ್ಲ ಇನ್ನೊಂದರ ಮೇಲೆ. ಒಂದೊಂದು ಹಾಳೆಯಿಂದ ಒಂದೊಂದು ಚೌಕಟ್ಟು. ಎರಡು ಕೂದಲಿನ ಕುಂಚ, ಕಣ್ಣಿಗೊಂದು ಭೂತಗನ್ನಡಿ. ಒಂದು ಚಿತ್ರಕ್ಕೆ ಎರಡು ದಿನ, ಒಮ್ಮೊಮ್ಮೆ ಮೂರು. ಆ ಮೂರು ದಿನ ಅವಳ ಚಹಾ ಮೇಜಿನ ಹತ್ತಿರವೇ ಬರುತ್ತಿತ್ತು.

ಈಗ ಅಣ್ಣನ ಸೊಸೆ ಕಂಪ್ಯೂಟರ್ ಮುಂದೆ ಕೂತು ಎಐಗೆ ಚಿತ್ರ ಕೊಡುತ್ತಾಳೆ. ಚಹಾ ಕಾಯಿಸುವಷ್ಟು ಹೊತ್ತಿನಲ್ಲಿ ಅದು ಹಕ್ಕಿ ಬೇರೆ, ಎಲೆ ಬೇರೆ, ಹಣ್ಣು ಬೇರೆ, ಹಿಂದಿನ ಆಕಾಶ ಬೇರೆ ಎಂದು ಪದರಪದರವಾಗಿ ಬಿಡಿಸಿ ಕೊಡುತ್ತದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಮೊದಲ ದಿನ ಸೊಸೆ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದಳು. ಹಕ್ಕಿಕಾಳು ಮಾರುವವನ ಚಿತ್ರ ಅದು. ಹಸಿರೆಲೆಯ ಮುಂದೆ ಹಳದಿ ಹಕ್ಕಿ, ಪಕ್ಕದಲ್ಲಿ ಕೆಂಪು ಹಣ್ಣಿನ ಗೊಂಚಲು. ವ್ಯಾಪಾರಿ ಒಂದು ಮಾತಿನಲ್ಲಿ ನಿಲ್ಲುವ ಮನುಷ್ಯನಲ್ಲ. ಹಕ್ಕಿ ಈ ಕಡೆ ನೋಡಲಿ ಎಂದ, ಹಣ್ಣು ಬೇಡ ಎಂದ, ಮತ್ತೆ ಇರಲಿ ಎಂದ. ಹಿಂದಿನ ಹಾಗಿದ್ದರೆ ಅವನ ಒಂದೊಂದು ಮಾತಿಗೂ ಸಣ್ಣತ್ತೆ ಹೊಸ ಹಾಳೆ ಹಿಡಿಯಬೇಕಿತ್ತು.

“ಈಗ ನೋಡಿ ಸಣ್ಣತ್ತೆ,” ಎಂದು ಸೊಸೆ ಹಕ್ಕಿಯನ್ನು ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟಳು. ಅದು ಕೂತಿದ್ದ ಜಾಗದಲ್ಲಿ ತೂತು ಬೀಳಲಿಲ್ಲ. ಪೂರ್ತಿ ಎಲೆ, ನರಗಳ ಸಮೇತ.

“ಹಕ್ಕಿ ಹಿಂದೆ ಎಲೆ ಹೀಗೇ ಇದೆ ಅಂತ ಅದಕ್ಕೆ ಹೇಗೆ ಗೊತ್ತು?”

“ಗೊತ್ತಿಲ್ಲ. ಊಹೆ ಮಾಡುತ್ತೆ.”

“ಕಾಣದ್ದನ್ನ ಕಂಡ ಹಾಗೆ ಹೇಳುತ್ತೆ ಅನ್ನು. ನಮ್ಮ ಮನೇಲೂ ಅಂಥೋರು ಒಬ್ರಿದಾರೆ,” ಎಂದಳು ಸಣ್ಣತ್ತೆ. ಅತ್ತಿಗೆಯ ವಿಷಯ ಅದು. ಇಬ್ಬರೂ ನಕ್ಕರು.

ಆಮೇಲೆ ಸೊಸೆ ಹಕ್ಕಿಯನ್ನು ಅದರ ಜಾಗಕ್ಕೆ ತಂದು ಕೂರಿಸಿ, ಹಳದಿಯ ಕೆಳಗೆ ಹಸಿರು ಬಂದರೆ ಬಣ್ಣ ಕೆಡುತ್ತದೆಂದು ಎಲೆಯಲ್ಲಿ ಹಕ್ಕಿಯ ಆಕಾರವನ್ನು ಕತ್ತರಿಸಿ ತೆಗೆದಳು. ಅಂಚಿಗೆ ಅಂಚು ಸರಿಯಾಗಿ ಕೂತಿತು. “ಸೂಜಿಮೊನೆಯಷ್ಟೂ ಸಂದಿಲ್ಲ. ನಿಮ್ಮ ಕಣ್ಣಿಗೆ ಏನಾದ್ರೂ ತಪ್ಪು ಕಾಣುತ್ತಾ?” ಎಂದು ಕೇಳಿದಳು. ಬಾಯಿಮಾತಿಗೆ ಕೇಳಿದ್ದಲ್ಲ, ಕುರ್ಚಿ ತಿರುಗಿಸಿ, ಮುಖ ನೋಡಿ ಕೇಳಿದಳು.

ತಪ್ಪು ಏನೆಂದು ಸಣ್ಣತ್ತೆಗೆ ಆಗಲೇ ಕಂಡಿತ್ತು. “ಮಿಷಿನ್ನಿನ ವಿದ್ಯೆ ನನಗೇನು ಗೊತ್ತಾಗುತ್ತಮ್ಮ,” ಎಂದು ಎದ್ದಳು.

ಅಷ್ಟರಲ್ಲಿ ಮೇಲಿನಿಂದ ಅತ್ತಿಗೆ ಕೂಗಿದ್ದು. “ಕೆಲಸ ಇಲ್ದೆ ಕೂತಿದ್ರೆ ಬಾರೇ, ಎರಡು ಆಲೂಗಡ್ಡೆ ಸುಲಿದು ಕೊಡು.”

ಕೆಲಸ ಇಲ್ಲದೆ ಎಂಬ ಮಾತನ್ನು ಅತ್ತಿಗೆ ಬೇಕೆಂದೇ ಆಡಿದಳೋ ಇಲ್ಲವೋ. ಸಣ್ಣತ್ತೆ ಮಾತ್ರ ಎರಡಲ್ಲ, ಬುಟ್ಟಿಯಲ್ಲಿದ್ದ ಅಷ್ಟನ್ನೂ ಸುಲಿದು ಹಾಕಿದಳು.

“ಏನೇ ಇದು, ಮದುವೆ ಊಟಾನಾ?”

“ಕೆಲಸ ಇಲ್ದೋಳು ಅಲ್ವಾ. ಕೈ ನಿಲ್ಲಲಿಲ್ಲ.”

ಮೂರು ದಿನ ಆ ಮನೆಯಲ್ಲಿ ಆಲೂಗಡ್ಡೆಯೇ ಆಯಿತು.

ಮುಂದಿನ ವಾರ ಗಾಜಿನ ಮೇಜು ಜಾಗ ಬಿಟ್ಟಿತು. ಚೀಲ ಒಣಗಿಸಲು ಇನ್ನೊಂದು ಸ್ಟ್ಯಾಂಡ್ ಬೇಕಿತ್ತು. ಅಣ್ಣನ ಮಗ, ಚಿಕ್ಕಂದಿನಿಂದ ಎಲ್ಲರೂ ಮೊಂಡ ಎಂದೇ ಕರೆಯುವವನು, ಮೇಜನ್ನು ಎಳೆದು ಮೆಟ್ಟಿಲ ಕೆಳಗೆ ನಿಲ್ಲಿಸಿದ.

“ಬೇಕಾದಾಗ ಈಚೆ ತೆಗೆದ್ರಾಯ್ತು ಸಣ್ಣತ್ತೆ. ನಿಮ್ಮ ಕಣ್ಣಿಗೂ ಇನ್ನು ಸ್ವಲ್ಪ ವಿಶ್ರಾಂತಿ.”

“ನನ್ನ ಕಣ್ಣು ನಿನ್ನ ಹತ್ರ ಬಂದು ಅತ್ತಿತ್ತೇನೋ?”

ಮೊಂಡ ನಕ್ಕ. ಸೊಸೆ, “ರೀ, ಕೇಳ್ದೆ ಯಾಕೆ ತೆಗೆದ್ರಿ?” ಎಂದಳು. ಅಣ್ಣ ಬಣ್ಣ ಕಲಸುತ್ತಿದ್ದ. ಆ ಕಡೆ ತಿರುಗಲಿಲ್ಲ. ಅವನು ತಿರುಗಿ ಒಂದು ಮಾತಾಡಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತೋ ಏನೋ. ಸಣ್ಣತ್ತೆ ತನ್ನ ಕುಂಚಗಳನ್ನು ಹಳೆಯ ಬಿಸ್ಕತ್ತು ಡಬ್ಬಿಗೆ ಹಾಕಿಕೊಂಡು ಮೇಲೆ ಹೋದಳು.

ಹಕ್ಕಿಕಾಳಿನ ಚೀಲಗಳ ಮೊದಲ ಕಟ್ಟು ಹೋದ ನಾಲ್ಕನೆಯ ದಿನಕ್ಕೆ ವ್ಯಾಪಾರಿ ಅದನ್ನು ಹಿಡಿದುಕೊಂಡು ತಾನೇ ಬಂದ. ಒಂದು ಚೀಲ ತೆಗೆದು ಬೆಳಕಿಗೆ ಹಿಡಿದ. ಹಳದಿ ಹಕ್ಕಿಯ ಸುತ್ತ, ಅದು ಎಲೆಗೆ ತಗಲುವ ಕಡೆಯಲ್ಲಿ, ಸಣ್ಣಗೆ ಬಿಳಿಗೆರೆ. ಒಂದು ಚೀಲದಲ್ಲಿ ಬೆನ್ನಿನ ಕಡೆ, ಇನ್ನೊಂದರಲ್ಲಿ ಹೊಟ್ಟೆಯ ಕಡೆ.

“ಹಕ್ಕಿಗೆ ಸ್ವೆಟರ್ ಹಾಕಿಸಿದ್ದೀರಲ್ಲ ಯಜಮಾನ್ರೆ. ನಾನು ಹೇಳಿರಲಿಲ್ಲ,” ಎಂದ.

ಅಣ್ಣ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ. ಬಿಳಿಗೆರೆ ಎಂದರೆ ಒಂದು ಬಣ್ಣದ ಪಕ್ಕಕ್ಕೆ ಇನ್ನೊಂದು ಬಂದು ಸೇರಲಿಲ್ಲ ಎಂದು ಅರ್ಥ; ಚೌಕಟ್ಟು ಇಳಿಸುವಾಗ ಕೈ ಕೂದಲೆಳೆಯಷ್ಟು ಸರಿದಿದೆ ಎಂದು ಅರ್ಥ. ಅಣ್ಣನ ಕೈಯಲ್ಲಿ ಬಿಳಿಗೆರೆ ಬಿದ್ದದ್ದನ್ನು ಮೂವತ್ತು ವರ್ಷದಲ್ಲಿ ಯಾರೂ ಕಂಡಿರಲಿಲ್ಲ. ಆ ಬೀದಿಯ ಬೇರೆ ಅಚ್ಚಿನವರು ಅದಕ್ಕೇ ಅವನನ್ನು ‘ಅಳತೆಗಣ್ಣ’ ಎಂದು ಕರೆಯುತ್ತಿದ್ದರು. ಅವನಿಗೆ ಆ ಹೆಸರೆಂದರೆ ಪ್ರಾಣ.

ಮೊದಲು ಅವನು ತಪ್ಪನ್ನು ಅಚ್ಚು ಹಾಕುವ ಮೇಜಿನ ಮೇಲೆ ಹಾಕಿದ. ಕೀಲು ಸಡಿಲ ಎಂದು ಬಿಗಿ ಮಾಡಿಸಿದ, ಹಲಗೆ ಡೊಂಕು ಎಂದು ಬದಲಿಸಿದ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಅತ್ತಿಗೆ ಊಟ ಬಡಿಸುತ್ತ. ತಮಾಷೆಗೆ ಆಡಿದ ಮಾತು. ಆದರೆ ಎರಡನೆಯ ಕಟ್ಟಿನಲ್ಲೂ ಗೆರೆ ಬಿದ್ದ ದಿನ ಆ ಮಾತು ಆಡಿದ್ದರಿಂದ ಅಣ್ಣ ತಟ್ಟೆ ತಳ್ಳಿ ಎದ್ದುಬಿಟ್ಟ.

“ನನಗೇನು ಗೊತ್ತಿತ್ತು,” ಎಂದು ಅತ್ತಿಗೆ ಆ ಅನ್ನವನ್ನು ಮುಚ್ಚಿಟ್ಟಳು.

ಮೊಂಡ ಕಂಪ್ಯೂಟರಿನ ಮೇಲೆ ಅನುಮಾನ ಪಟ್ಟ. ಸೊಸೆ ಪರದೆಯ ಮೇಲೆ ಹಕ್ಕಿಯನ್ನು ಹತ್ತು ಪಟ್ಟು ದೊಡ್ಡದು ಮಾಡಿ ಗಂಡನಿಗೂ ಮಾವನಿಗೂ ತೋರಿಸಿದಳು. ಹಳದಿ ಮುಗಿದಲ್ಲೇ ಹಸಿರು ಶುರು. ಮಧ್ಯೆ ಇರುವೆ ನುಸುಳುವಷ್ಟೂ ಜಾಗವಿರಲಿಲ್ಲ.

“ಇದು ಇಷ್ಟು ಸರಿ ಇದ್ದ ಮೇಲೆ ಇನ್ನೇನಿದೆ,” ಎಂದ ಅಣ್ಣ. “ಸರಿ ಇಲ್ದಿರೋದು ಇದೇ.” ತನ್ನ ಎರಡು ಕೈಗಳನ್ನೂ ಮುಂದೆ ಚಾಚಿ, ಬೆರಳು ಬಿಡಿಸಿ ನೋಡಿಕೊಂಡ.

ಸಣ್ಣತ್ತೆ ಒಣಗಿದ ಚೀಲ ಮಡಿಸುತ್ತಿದ್ದಳು. ಒಂದು ಮಾತು ಸಾಕಿತ್ತು. ಬಟ್ಟೆ ಕಲ್ಲಲ್ಲ, ಎಳೆದರೆ ಹಿಗ್ಗುತ್ತದೆ. ಅಂಚಿಗೆ ಅಂಚು ಸರಿಯಾಗಿ ಕತ್ತರಿಸಿದ ಬಣ್ಣ ಬಟ್ಟೆಯ ಮೇಲೆ ಎಂಥ ಗಟ್ಟಿಗನ ಕೈಯಲ್ಲೂ ಸೇರುವುದಿಲ್ಲ. ದರ್ಜಿ ಹೊಲಿಗೆಗೆಂದು ಅಂಚಿನಲ್ಲಿ ಬಟ್ಟೆ ಬಿಡುವ ಹಾಗೆ ತಿಳಿಬಣ್ಣಕ್ಕೆ ಕೂದಲೆಳೆಯಷ್ಟು ಅಂಚು ಬಿಡಬೇಕು. ಗಾಢ ಬಣ್ಣ ಅದರ ಮೇಲೆ ಹತ್ತಿ ಕೂರುತ್ತದೆ. ಆಗ ಕೈ ಅಷ್ಟಿಷ್ಟು ಸರಿದರೂ ಬಿಳಿ ಕಾಣುವುದಿಲ್ಲ. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಅಂಗಡಿ ತೆರೆದ ಹೊಸದರಲ್ಲಿ ಅಣ್ಣನ ಕೈಯಲ್ಲಿ ಚೀಲದ ಮೇಲೆ ಚೀಲ ಕೆಟ್ಟಿತ್ತು. ‘ನಿನ್ನ ಕೈಗೆ ಗುದ್ದಲಿಯೇ ಸರಿ’ ಎಂದು ಅಪ್ಪ ಎಲ್ಲರೆದುರಿಗೆ ಅಂದಿದ್ದ. ಅವಳು ಯಾರಿಗೂ ಹೇಳದೆ ಮುಂದಿನ ಚಿತ್ರದ ಹಳದಿಯನ್ನು ಒಂದು ಕೂದಲೆಳೆ ದಪ್ಪ ಬರೆದಿದ್ದಳು. ಚೀಲ ಚೊಕ್ಕವಾಗಿ ಬಂದವು. ಅಣ್ಣ ಅಂದು ಮನೆಗೆಲ್ಲ ಸಿಹಿ ತಂದಿದ್ದ. ಆಮೇಲೆ ಹೇಳುವುದಕ್ಕೆ ಬಾಯಿ ಬರಲಿಲ್ಲ. ಆಮೇಲೆ ಮೂವತ್ತು ವರ್ಷ ಆಯಿತು.

ಈಗ ಹೇಳಿದರೆ ಸೊಸೆ ಕಂಪ್ಯೂಟರಿನಲ್ಲಿ ಒಂದು ಅಂಕಿ ಒತ್ತಿ ಅದನ್ನೂ ಮಾಡಿಸಿಬಿಡುತ್ತಾಳೆ. ಮೆಟ್ಟಿಲ ಕೆಳಗಿನ ಮೇಜು ಅಲ್ಲೇ ಉಳಿಯುತ್ತದೆ. ಹೇಳದಿದ್ದರೆ, ಇವತ್ತಲ್ಲ ನಾಳೆ, ‘ಹಳೇದೇ ವಾಸಿ’ ಎಂದು ಯಾರಾದರೂ ಅಂದಾರು.

ಸಣ್ಣತ್ತೆ ಚೀಲ ಮಡಿಸಿದಳು.

“ಏನೇ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?” ಎಂದು ಅತ್ತಿಗೆ ಮೇಲೆ ಪಾತ್ರೆ ತೊಳೆಯುವಾಗ ಕೇಳಿದಳು. “ಅಷ್ಟು ವರ್ಷ ಆ ಕೆಲಸ ಮಾಡಿದೋಳು ನೀನು. ಒಂದು ಮಾತು ಹೇಳಬಾರ್ದಾ?”

“ಕೇಳಿದೋರಿಗೆ ಹೇಳಬಹುದು.”

“ನಿನ್ನನ್ನ ಪೀಠ ಹಾಕಿ ಕೂರಿಸಿ ಕೇಳಬೇಕಾ?”

“ಪೀಠ ಬೇಡ. ಇದ್ದ ಮೇಜು ಇದ್ದಲ್ಲಿ ಇದ್ದಿದ್ರೆ ಸಾಕಿತ್ತು.”

ಅತ್ತಿಗೆ ನೀರು ನಿಲ್ಲಿಸಿ ಅವಳ ಮುಖ ನೋಡಿದಳು. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದಳು.

ಮೂರನೆಯ ವಾರ ಅಣ್ಣ ಬಣ್ಣ ಎಳೆಯುವ ರಬ್ಬರು ಪಟ್ಟಿಯನ್ನು ಮಗನ ಕೈಗೆ ಕೊಟ್ಟ. ದೊಡ್ಡ ಮಾತೇನೂ ಆಡಲಿಲ್ಲ. “ಇವತ್ತು ನೀನು ಎಳಿ,” ಎಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ. ಮೊಂಡ ಎಳೆದದ್ದರಲ್ಲೂ ಹಕ್ಕಿಗೆ ಬಿಳಿಗೆರೆ ಬಂತು. ಅದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. “ಹಳೇ ಕೈ ಹೋಯ್ತು, ಹೊಸ ಕೈ ಇನ್ನೂ ಬಂದಿಲ್ಲ,” ಎಂದ ಅಣ್ಣ.

ಆ ವಾರವೆಲ್ಲ ಊಟದ ಮೇಜಿನ ಮೇಲೆ ಅವನು ನೀರಿನ ಲೋಟವನ್ನು ತುಂಬಲು ಬಿಡದೆ ಅರ್ಧಕ್ಕೇ ಸಾಕು ಅನ್ನುತ್ತಿದ್ದ. ಎತ್ತುವ ಮೊದಲು ಲೋಟವನ್ನು ಒಂದು ಗಳಿಗೆ ನೋಡುತ್ತಿದ್ದ. ಡಾಕ್ಟರ ಹತ್ತಿರ ಹೋಗಿ ಬಂದ. ಅವರು ಕೈ ಮುಂದೆ ಚಾಚಿಸಿ, ಮೂಗು ಮುಟ್ಟಿಸಿ, ಕಾಗದದ ಮೇಲೆ ಸುರುಳಿ ಬರೆಸಿ, ವಯಸ್ಸಿಗೆ ತಕ್ಕ ಹಾಗಿದೆ ಎಂದು ಕಳಿಸಿದ್ದರು.

“ವಯಸ್ಸಿಗೆ ತಕ್ಕ ಹಾಗಂದ್ರೆ ಏನರ್ಥ ಹೇಳೇ ಪುಟ್ಟಿ?” ಎಂದು ತಂಗಿಯನ್ನು ಕೇಳಿದ. ಐವತ್ತೆಂಟರ ಸಣ್ಣತ್ತೆಯನ್ನು ಅವನೊಬ್ಬನೇ ಇನ್ನೂ ಹಾಗೆ ಕರೆಯುವುದು.

“ಚೆನ್ನಾಗಿದೆ ಅಂತ.”

“ಚೆನ್ನಾಗಿದ್ರೆ ಚೆನ್ನಾಗಿದೆ ಅಂತಿದ್ರು.”

ಸಣ್ಣತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಅದರ ಮಧ್ಯೆ ಹೂವಿನಂಗಡಿಯವಳು ಹಳೆಯ ಚೀಲವನ್ನೇ ಮತ್ತೆ ಕೇಳಿದಳು. ಐದು ಬಣ್ಣದ ಚಿತ್ರ, ಆರು ವರ್ಷದ ಹಿಂದೆ ಸಣ್ಣತ್ತೆ ಬಿಡಿಸಿದ್ದು. ಚೌಕಟ್ಟುಗಳು ಅಟ್ಟದ ಮೇಲಿದ್ದವು. ಮೊಂಡ ಇಳಿಸಿ ಎಳೆದ. ಒಂದರಲ್ಲೂ ಗೆರೆಯಿಲ್ಲ. ಅಣ್ಣ ಕುರ್ಚಿಯಿಂದ ಎದ್ದು ಬಂದು ಒಂದೊಂದೇ ನೋಡಿ ಮಗನ ಬೆನ್ನು ತಟ್ಟಿದ.

“ಬಂತು ಕಣೋ ನಿನಗೆ ಕೈ. ಐದು ಬಣ್ಣ ಸೇರಿಸಿದ್ದೀಯ. ನನಗೆ ಐದು ಬಣ್ಣಕ್ಕೆ ಕೈ ಹಾಕೋಕೇ ಎರಡು ವರ್ಷ ಹಿಡಿದಿತ್ತು.”

ಮೊಂಡ ಅಂದು ಊಟಕ್ಕೆ ಎದೆ ಸೆಟೆಸಿ ಕೂತ. ಬಡಿಸಿದ್ದಕ್ಕಿಂತ ಒಂದು ಮೊಟ್ಟೆ ಜಾಸ್ತಿ ಕೇಳಿದ. ಅಣ್ಣ ನಗುನಗುತ್ತಲೇ ಇದ್ದ. ತನ್ನ ತಟ್ಟೆಯ ಮೊಟ್ಟೆಯನ್ನೂ ಎತ್ತಿ ಮಗನಿಗೆ ಹಾಕಿದ.

ಮಾರನೆಯ ದಿನ ಅದೇ ಮೊಂಡ ಹಕ್ಕಿ ಚೀಲ ಎಳೆದ. ಬಿಳಿಗೆರೆ ಮತ್ತೆ ಬಂತು. “ಬಟ್ಟೆ ಸರಿ ಇಲ್ಲ,” ಎಂದ. ಮಧ್ಯಾಹ್ನ ಗಂಡಸರು ಮಲಗಿದ್ದಾಗ ಸೊಸೆ ಹೂವಿನ ಚೀಲದ ಹಳೆಯ ಹಾಳೆಗಳನ್ನು ಹುಡುಕಿ ತೆಗೆದು, ಎರಡನ್ನು ಒಂದರ ಮೇಲೊಂದಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದ ಸಣ್ಣತ್ತೆಯನ್ನು ಹುಡುಕಿಕೊಂಡು ಬಂದಳು. ಹಾಳೆಗಳನ್ನು ಬಿಸಿಲಿಗೆ ಹಿಡಿದಳು.

“ಸಣ್ಣತ್ತೆ, ಇಲ್ಲಿ ನೋಡಿ. ಹಳದಿ ಇಲ್ಲಿಗೆ ಮುಗೀಬೇಕು. ಮುಗಿದಿಲ್ಲ. ಕೆಂಪಿನ ಕೆಳಗೆ ಇಷ್ಟೇ ಇಷ್ಟು ನುಗ್ಗಿದೆ. ಸುತ್ತಲೂ ಹೀಗೇ ಇದೆ. ಕೈ ತಪ್ಪಿದ್ದಾ?”

ಸಣ್ಣತ್ತೆ ಸಾಬೂನಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಸುತ್ತಲೂ ಒಂದೇ ಅಳತೆಗೆ ಕೈ ತಪ್ಪುತ್ತಾ?”

“ಅದನ್ನೇ ನಾನೂ ಅಂದ್ಕೊಂಡೆ.”

ಬಕೆಟ್ಟಿಗೆ ನಲ್ಲಿಯ ನೀರು ಬೀಳುತ್ತಿತ್ತು. ತುಂಬಿ ಹರಿಯತೊಡಗಿದಾಗ ಸೊಸೆಯೇ ಬಗ್ಗಿ ನಿಲ್ಲಿಸಿದಳು.

“ಮೊದಲ್ನೇ ದಿನ ಕೇಳಿದ್ದೆ ನಾನು ನಿಮ್ಮನ್ನ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಣ್ಣತ್ತೆಗೆ ಹಗುರವಾಗುತ್ತಿತ್ತು.

“ಕೇಳಿದ್ದೆ.”

“ಮಾವ ಡಾಕ್ಟರ ಹತ್ರ ಹೋಗಿ ಬಂದ್ರು.”

“ನನಗೆ ಕಣ್ಣಿಲ್ವೇನಮ್ಮ?” ಸಣ್ಣತ್ತೆ ಕಲ್ಲಿನ ಮೇಲೆ ಕೂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಹಳದಿಗೆ ಬಿಡು, ಹಸಿರಿಗೆ ಬಿಡಬೇಡ. ತಿಳಿಬಣ್ಣ ಕೆಳಗೆ ನುಸುಳಬೇಕು, ಗಾಢ ಬಣ್ಣ ಮೇಲೆ ಕೂರಬೇಕು. ಕಣ್ಣು, ಕೊಕ್ಕಿನ ಹಾಗೆ ಸಣ್ಣ ಜಾಗದಲ್ಲಿ ಇನ್ನೂ ಕಡಿಮೆ ಬಿಡಬೇಕು, ಇಲ್ಲದಿದ್ದರೆ ಮುಚ್ಚಿಹೋಗುತ್ತದೆ. ಬಟ್ಟೆ ಯಾವ ಕಡೆ ಹಿಗ್ಗುತ್ತದೋ ಆ ಕಡೆ ಸ್ವಲ್ಪ ಧಾರಾಳ. ಸೊಸೆ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು. ಅಪ್ಪನ ಗುದ್ದಲಿಯ ಮಾತನ್ನೂ ಸಣ್ಣತ್ತೆ ಹೇಳಿದಳು.

“ಅಣ್ಣನಿಗೆ ಮಾತ್ರ ಹೇಳಬೇಡ. ಮೂವತ್ತು ವರ್ಷ ತನ್ನ ಕೈ ಅಂತ ತಿಳ್ಕೊಂಡಿದಾನೆ. ಕಂಪ್ಯೂಟರಿನಲ್ಲಿ ಏನೋ ತಪ್ಪಿತ್ತು, ಸರಿ ಮಾಡ್ದೆ ಅಂದುಬಿಡು. ಅವನೇ ಮತ್ತೆ ಎಳೆಯೋಕೆ ನಿಲ್ತಾನೆ.”

“ಸರಿ,” ಎಂದಳು ಸೊಸೆ. ಒಂದೇ ಮಾತು. ಅದರಿಂದ ಸೊಸೆಯ ತಲೆಗೆ ಏನು ಬರುತ್ತದೆ ಎಂದು ಅವಳೂ ಯೋಚಿಸಲಿಲ್ಲ, ಸಣ್ಣತ್ತೆಯೂ ಯೋಚಿಸಲಿಲ್ಲ.

ಎರಡು ದಿನದಲ್ಲಿ ಹೊಸ ಚೌಕಟ್ಟು ತಯಾರಾಯಿತು. ಸೊಸೆ ಮಾವನನ್ನು ಬಲವಂತ ಮಾಡಿ ಮೇಜಿನ ಮುಂದೆ ನಿಲ್ಲಿಸಿದಳು. ಅವನು ರಬ್ಬರು ಪಟ್ಟಿ ಹಿಡಿದು, ಬಿಟ್ಟು, ಅಂಗೈ ಒರೆಸಿಕೊಂಡು, ಮತ್ತೆ ಹಿಡಿದ. ಹಳದಿ ಎಳೆದ, ಹಸಿರು ಎಳೆದ, ಕೆಂಪು, ಕಪ್ಪು. ಚೀಲ ತೆಗೆದು ಬಾಗಿಲ ಬೆಳಕಿಗೆ ಒಯ್ದ. ಹಕ್ಕಿ ಎಲೆಗೆ ಅಂಟಿಕೊಂಡು ಕೂತಿತ್ತು. ಮತ್ತೊಂದು ಎಳೆದ. ಇಪ್ಪತ್ತು ಎಳೆದ. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ಸಂಜೆ ಊಟದ ಮೇಜಿನ ಮೇಲೆ ಅವನು ನೀರಿನ ಲೋಟ ತುಂಬಿಸಿಕೊಂಡು ಒಂದೇ ಉಸಿರಿಗೆ ಕುಡಿದ. ಅತ್ತಿಗೆ ಬೇಳೆ, ಅನ್ನ, ಹುರಿದ ಬದನೆಕಾಯಿ ಮಾಡಿದ್ದಳು. ಯಾರಿಗೂ ಬೇಡವೆನ್ನುವ ಮನಸ್ಸಿರಲಿಲ್ಲ.

“ಹಾಗಾದ್ರೆ ತಪ್ಪು ಎಲ್ಲಿತ್ತು?” ಎಂದು ಮೊಂಡ ಕೇಳಿದ.

“ನಂದೇ,” ಎಂದಳು ಸೊಸೆ. “ಪದರ ಬಿಡಿಸುವಾಗ ಒಂದು ಅಳತೆ ತಪ್ಪು ಹಾಕಿದ್ದೆ.”

“ಮೂರು ವಾರ?”

“ಹೂಂ.”

“ಸೂಜಿಮೊನೆ ಸಂದಿಲ್ಲ, ಇರುವೆ ನುಸುಳಲ್ಲ ಅಂತ ನಮ್ಮನ್ನೆಲ್ಲ ಕೂರಿಸಿ ತೋರಿಸಿದ್ಯಲ್ಲ? ಅಪ್ಪ ಕೈ ಕಟ್ಟಿ ಬಾಗಿಲಲ್ಲಿ ಕೂತಾಗ ಒಂದ್ಸಲ ನೋಡೋಣ ಅನ್ನಿಸಲಿಲ್ವಾ?”

“ಗೊತ್ತಾಗಲಿಲ್ಲ.”

“ಗೊತ್ತಾಗದ ಮೇಲೆ ಗೊತ್ತಿರೋರ ಹಾಗೆ ಕೂರೋದು ಯಾಕೆ?”

“ಸಾಕು ಬಿಡೋ,” ಎಂದಳು ಅತ್ತಿಗೆ. “ಊಟದ ಹೊತ್ತಲ್ಲಿ ಏನದು?”

“ಬಿಡೋದೇನು?” ಎಂದ ಅಣ್ಣ. ಅವನು ಸಿಟ್ಟಿನಲ್ಲಿರಲಿಲ್ಲ, ಸಂತೋಷದಲ್ಲಿದ್ದ; ಸಂತೋಷದಲ್ಲಿದ್ದವನ ಮಾತಿಗೆ ಕಡಿವಾಣ ಇನ್ನೂ ಕಮ್ಮಿ. “ಮೂರು ವಾರ ನನ್ನ ಕೈನೇ ನಾನು ಕಳ್ಳನ್ನ ಕಾಯೋ ಹಾಗೆ ಕಾದೆ. ಆಗಿದ್ದು ಆಯ್ತಮ್ಮ, ನಿನ್ನನ್ನ ಬಯ್ಯಲ್ಲ. ಆದ್ರೆ ಆ ಕಂಪ್ಯೂಟರು ಇನ್ನು ಅಂಗಡೀಲಿ ಬೇಡ. ಮೇಲೆ ತಂದಿಟ್ಕೋ, ಕಾಗದ ಪತ್ರಕ್ಕೆ ಆಗುತ್ತೆ. ಚಿತ್ರ ಬಿಡಿಸೋಕೆ ನಮ್ಮ ಪುಟ್ಟಿ ಇದಾಳೆ. ಲೋ, ನಾಳೆ ಬೆಳಿಗ್ಗೆ ಆ ಗಾಜಿನ ಮೇಜನ್ನ ಕಿಟಕಿ ಹತ್ರ ಹಾಕು.”

ಸಣ್ಣತ್ತೆ ಬೇಳೆ ಕಲಸುತ್ತಿದ್ದ ಕೈ ನಿಲ್ಲಿಸಿದಳು. ನಾಲ್ಕು ವಾರ ಕಾದದ್ದು ತಟ್ಟೆಗೇ ಬಂದು ಬಿದ್ದಿತ್ತು. ಬಾಯಿ ಮುಚ್ಚಿಕೊಂಡು ಉಂಡರೆ ಸಾಕಿತ್ತು. ಸೊಸೆ ತಲೆ ಎತ್ತಲಿಲ್ಲ. ಸಣ್ಣತ್ತೆಯ ಕಡೆ ನೋಡಲೂ ಇಲ್ಲ. ಬದನೆಕಾಯಿಯ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸುತ್ತ, ಮತ್ತೆ ಸರಿಸುತ್ತ ಕೂತಿದ್ದಳು.

“ಅವಳದ್ದಲ್ಲ ತಪ್ಪು,” ಎಂದಳು ಸಣ್ಣತ್ತೆ.

“ಅವಳೇ ಒಪ್ಪಿಕೊಂಡ್ಲಲ್ಲ.”

“ನಾನು ಹೇಳಬೇಡ ಅಂದಿದ್ದೆ. ಅದಕ್ಕೆ.”

“ಸಣ್ಣತ್ತೆ, ಬೇಡ,” ಎಂದಳು ಸೊಸೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ಸಣ್ಣತ್ತೆ ಅದಕ್ಕೂ ಸಿದ್ಧವಾದವಳ ಹಾಗೆ ನೆಟ್ಟಗೆ ಕೂತು ಹೇಳಿದಳು. ಹಳದಿಗೆ ಬಿಡುವ ಅಂಚಿನ ವಿಷಯ ಹೇಳಿದಳು. ಮೊದಲ ದಿನವೇ ತನಗೆ ಕಂಡಿತ್ತು, ಕೇಳಿದಾಗಲೂ ಹೇಳಲಿಲ್ಲ ಎಂದಳು. ಹೂವಿನ ಚೀಲ ಮೊಂಡನ ಕೈಯಲ್ಲಿ ಚೊಕ್ಕವಾಗಿ ಬಂದದ್ದೂ ಅದರಿಂದಲೇ ಎಂದಳು.

ಅಣ್ಣ ಕೇಳಿಸಿಕೊಂಡ.

“ಇದು ಈಗ ಮೂರು ನಾಲ್ಕು ವಾರದ ಮಾತು. ಅದರ ಹಿಂದೆ?”

“ಅದರ ಹಿಂದೆಲ್ಲ ಅಂಚು ನಾನೇ ಬಿಡ್ತಿದ್ದೆ.”

“ಯಾವಾಗಿನಿಂದ?”

“ಅಪ್ಪ ಬೈದ್ರಲ್ಲ. ಅದರ ಮುಂದಿನ ಚಿತ್ರದಿಂದ.”

“ಎಲ್ಲಾದಕ್ಕೂ?”

“ಎಲ್ಲಾದಕ್ಕೂ ಅಣ್ಣ.”

ಅವನು ತಟ್ಟೆಯಲ್ಲಿದ್ದುದನ್ನು ಒಂದು ಅಗುಳೂ ಬಿಡದೆ ಉಂಡ. ಕೈ ತೊಳೆದು ಬಂದು, “ಬದನೆಕಾಯಿ ಚೆನ್ನಾಗಿತ್ತು,” ಎಂದು ಹೆಂಡತಿಗೆ ಹೇಳಿ ಹೋಗಿ ಮಲಗಿದ. ಅವನು ಸಿಡುಕಿ ತಟ್ಟೆ ತಳ್ಳಿದ್ದರೆ ವಾಸಿಯಿತ್ತು ಎಂದು ಅತ್ತಿಗೆ ಅಡುಗೆಮನೆಯಲ್ಲಿ ಅಂದಳು. “ನಿನಗೆ ಮೇಜು ಬೇಕಿದ್ರೆ ನನಗೆ ಹೇಳಬಾರ್ದಿತ್ತೇನೇ? ನಾನು ಆ ಮೊಂಡನ ಕಿವಿ ಹಿಂಡಿ ಹಾಕಿಸ್ತಿದ್ದೆ.” ಸಣ್ಣತ್ತೆ ಪಾತ್ರೆ ಒರೆಸುತ್ತಿದ್ದಳು.

ಬೆಳಿಗ್ಗೆ ಅವಳು ಕೆಳಗಿಳಿದಾಗ ಅಣ್ಣ ಆಗಲೇ ಅಂಗಡಿ ತೆರೆದಿದ್ದ. ಸೊಸೆ ಮೊದಲು ಮಾಡಿಸಿದ್ದ, ಅಂಚು ಬಿಡದ ಚೌಕಟ್ಟುಗಳಲ್ಲಿ ಹಳದಿಯದನ್ನೂ ಹಸಿರಿನದನ್ನೂ ಹುಡುಕಿ ಮೇಜಿಗೆ ಹಾಕಿದ್ದ. ಹತ್ತು ಚೀಲ ಪಕ್ಕದಲ್ಲಿ ಎಣಿಸಿಟ್ಟುಕೊಂಡಿದ್ದ.

“ಮೂರು ವಾರ ಗಾಬರೀಲಿ ಎಳೆದಿದ್ದೆ,” ಎಂದ, ಅವಳ ಕಡೆ ತಿರುಗದೆ. “ಇವತ್ತು ನಿಧಾನವಾಗಿ ಎಳೀತೀನಿ. ನನ್ನ ಕೈ ಎಷ್ಟು ಅಂತ ಒಂದ್ಸಲ ನನಗೂ ಗೊತ್ತಾಗಲಿ.”

ಅವಳು ನಿಂತೇ ಇದ್ದಳು. ಅವನು ಒಂದೊಂದು ಚೀಲವನ್ನೂ ಹಲಗೆಗೆ ಅಂಟಿಸಿ, ಅಂಗೈಯಲ್ಲಿ ನಾಲ್ಕೂ ಕಡೆ ಸವರಿ, ಚೌಕಟ್ಟು ಇಳಿಸಿ, ಉಸಿರು ಹಿಡಿದು ಎಳೆದ. ಇಷ್ಟು ಚೆನ್ನಾಗಿ ಅವನು ಎಳೆದದ್ದನ್ನು ಸಣ್ಣತ್ತೆ ನೋಡಿರಲಿಲ್ಲ. ಹತ್ತೂ ಒಣಗಿದ ಮೇಲೆ ಅವನು ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, ಮೇಜಿನ ಹತ್ತಿರದ ಸ್ಟೂಲು ತೋರಿಸಿದ.

“ಇಷ್ಟು ಸಣ್ಣ ಗೆರೆ ನನ್ನ ಕಣ್ಣಿಗೆ ಸಿಗಲ್ಲ. ನೀನು ನೋಡಿ ಹೇಳು.”

ಅವಳು ಕೂತು ಮೊದಲನೆಯದನ್ನು ನೋಡಿದಳು. “ಇದೆ.”

“ಹೂಂ. ಇದು?”

“ಇದೆ. ಕೊಕ್ಕಿನ ಹತ್ರ.”

“ಇದು?”

“ಇದೆ.”

ಅವನು ಒಂದೊಂದನ್ನೇ ಮಡಿಸಿ ಎಡಗಡೆ ಇಡುತ್ತ ಹೋದ. ಆರು ಚೀಲ ಎಡಗಡೆಗೆ ಹೋದವು. ಏಳನೆಯದನ್ನು ಅವಳು ಬೆನ್ನಿನ ಕಡೆಯಿಂದ ಶುರುಮಾಡಿ ಬಾಲ ಸುತ್ತಿ, ಹೊಟ್ಟೆ ಹಾದು, ಕುತ್ತಿಗೆಗೆ ಬಂದಳು. ಮತ್ತೊಮ್ಮೆ ಅದೇ ದಾರಿ ಹಿಡಿದಳು. ಹಳದಿಯೂ ಹಸಿರೂ ಒಂದಕ್ಕೊಂದು ತಗಲಿ ನಿಂತಿದ್ದವು. ಎಲ್ಲೂ ಬಿಳುಪಿರಲಿಲ್ಲ.

“ಇದ್ರಲ್ಲಿ ಇಲ್ಲ ಅಣ್ಣ.”

ಅವನು ಚೀಲ ನೋಡಲಿಲ್ಲ, ಅವಳ ಮುಖ ನೋಡಿದ.

“ಪುಟ್ಟಿ, ಸಮಾಧಾನಕ್ಕೆ ಹೇಳಬೇಡ.”

“ಸಮಾಧಾನಕ್ಕಲ್ಲ. ಎರಡು ಸಲ ನೋಡಿದೆ. ನಿಜವಾಗ್ಲೂ ಇಲ್ಲ.”

“ಹಾಗಾ,” ಎಂದ ಅವನು. ಆ ಚೀಲವನ್ನು ಕೈಗೆ ತೆಗೆದುಕೊಂಡ. ಅದನ್ನು ಎಡಗಡೆ ಇಡಲಿಲ್ಲ, ಬಲಗಡೆಯೂ ಇಡಲಿಲ್ಲ. ಆಮೇಲೆ ಕೈ ನೀಡಿ ಅವಳಿಂದ ಭೂತಗನ್ನಡಿ ತೆಗೆದುಕೊಂಡು, ಮೆಟ್ಟಿಲ ಕಡೆ ತಿರುಗಿ ಸೊಸೆಯನ್ನು ಕೂಗಿದ.

“ಒಂದು ನಿಮಿಷ ಕೆಳಗೆ ಬಾಮ್ಮ. ಇದನ್ನ ನೀನು ನೋಡಿ ಹೇಳು.”

ಮೇಲೆ ಕುರ್ಚಿ ಸರಿದ ಸದ್ದಾಯಿತು. ಸಣ್ಣತ್ತೆ ಸ್ಟೂಲು ಬಿಟ್ಟು ಎದ್ದು, ಗೋಡೆಯ ಪಕ್ಕಕ್ಕೆ ಸರಿದು ನಿಂತಳು.